ಸೌಟು ಬದಲಾದರೆ ಲೆಕ್ಕವೂ ಬದಲಾಗಬೇಕು

೨೦೨೫ರ ದಸರೆಗೆ ನಮ್ಮ ನಾಶಿಕದ ಮನೆಗೆ ಮಧ್ಯಾಹ್ನದ ಊಟಕ್ಕೆ ಬರಬೇಕಾಗಿದ್ದ ಅಕ್ಕ, ರಾತ್ರಿ ಹತ್ತು ಗಂಟೆಗೆ ಬಂದು ತಲುಪಿದಳು. ಬಂದದ್ದು ಎಸ್.ಟಿ. ಬಸ್ಸಿನಲ್ಲಿ. ಕಾರು ಪೈಠಣಿ ಸೀರೆಗೆ ಹೆಸರಾದ ಯೇವಲಾ ಊರಿನ ಹೊರಗೆ ಕರಿಯ ಹೊಗೆ ಕಾರಿ ನಿಂತುಬಿಟ್ಟಿತ್ತು. ಅವಳ ಮಗ ಮಾತ್ರ ಕಾರಿನ ಕಾವಲಿಗೆ ಅಲ್ಲೇ ಉಳಿದಿದ್ದ.

ಆ ಕಾರು ಭಾವನವರು ೨೦೦೫ರಲ್ಲಿ ಕೊಂಡದ್ದು. ಆಗ ಔರಂಗಾಬಾದೆನ್ನುತ್ತಿದ್ದ, ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಅವರ ಊರಿನ ಪಕ್ಕದ ಶೇಂದ್ರಾದಲ್ಲಿ ಸ್ಕೋಡಾ ಕಂಪೆನಿಯವರು ೨೦೦೧ರಿಂದ ಆಕ್ಟೇವಿಯಾ ಕಾರುಗಳನ್ನು ಜೋಡಿಸುತ್ತಿದ್ದರು. ನಮ್ಮೂರಲ್ಲೇ ಹುಟ್ಟಿದ ಕಾರು ಎಂದು ಭಾವನವರಿಗೆ ಹೆಮ್ಮೆ. ೧.೮ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು. ಭಾವನವರು ಹೋದ ಮೇಲೂ ಅಕ್ಕ ಅದನ್ನು ಮಾರಗೊಡಲಿಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಸರದಿ ಡಿಸೆಂಬರಿಗೆ ಬಂದಿತ್ತು. ಹೊಗೆ ಕಾರುವ ಗಾಡಿಗೆ ಆರ್.ಟಿ.ಓ. ಕಚೇರಿಯಲ್ಲಿ ಯೋಗ್ಯತಾಪತ್ರ ಕೊಡುವವರು ಯಾರು? ಪತ್ರ ಸಿಕ್ಕದಿದ್ದರೆ ಗುಜರಿಯೇ ಗತಿ.

“ಏನು ಮಾಡಿದೆಯೋ?” ಎಂದು ಮಾರನೆಯ ದಿನ ಯೇವಲಾದಲ್ಲಿ ಅಳಿಯನನ್ನು ಕೇಳಿದೆ.

“ದೊಡ್ಡ ಇಂಜೆಕ್ಟರ್ ಹಾಕಿಸಿದೆ, ಮಾಮ. ಶಕ್ತಿ ಹೆಚ್ಚಾಗುತ್ತದೆ ಅಂದರು.”

“ಕಂಪ್ಯೂಟರಿಗೆ ಹೇಳಿದೆಯಾ?”

ಹುಡುಗ ಕಣ್ಣು ಕಣ್ಣು ಬಿಟ್ಟ. ಹಾಕಿಕೊಟ್ಟ ಮೆಕ್ಯಾನಿಕ್ಕೂ ಆ ಮಾತು ಎತ್ತಿರಲಿಲ್ಲವಂತೆ.

ಈ ವಿಷಯ ನನಗೆ ತುಸು ಹತ್ತಿರದ್ದು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ, ಅಂದರೆ ೨೦೦೮ರಿಂದ ಬಾಷ್ ಎನಿಸಿಕೊಂಡ ಕಂಪೆನಿ, ನಮ್ಮ ಸಾತಪೂರದಲ್ಲೂ ಕಾರ್ಖಾನೆ ಹೂಡಿ ಡೀಸೆಲ್ ಇಂಜೆಕ್ಟರು, ನಾಜಲುಗಳನ್ನು ಮಾಡುತ್ತ ಬಂದಿದೆ. ಹೀಗಾಗಿ ನಾಶಿಕದಲ್ಲಿ ಇಂಜೆಕ್ಟರ್ ಬಲ್ಲವರಿಗೆ ಬರವಿಲ್ಲ. ನಾನೂ ಇಲ್ಲಿಯ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಅವುಗಳ ಪರೀಕ್ಷೆ ಮಾಡಿಯೇ ತಲೆ ನರೆಸಿಕೊಂಡವನು. ಡೀಸೆಲಿನ ಇಂಜೆಕ್ಟರು ಸಾವಿರ ಬಾರಿಗೂ ಮೀರಿದ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಗೆ ಎಣ್ಣೆ ಸಿಡಿಸುತ್ತದೆ. ಅಳಿಯನ ಕಾರಿನಂಥ ಪೆಟ್ರೋಲ್ ಗಾಡಿಯದು ಸಾಧು ಸ್ವಭಾವ: ಸುಮಾರು ಮೂರು ಬಾರ್ ಒತ್ತಡದಲ್ಲಿ, ಗಾಳಿ ಒಳಹೋಗುವ ದಾರಿಯಲ್ಲೇ ಸಿಂಪಡಿಸುತ್ತದೆ.

ಇನ್ನು ಕಂಪ್ಯೂಟರಿನ ಪಾತ್ರವೇನು? ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಎಲೆಗೆ ಎರಡು ಸೌಟು ಹುಳಿ ಎಂದು ಯಜಮಾನರ ಅಪ್ಪಣೆ. ಬಡಿಸುವವನು ಹುಳಿಯನ್ನು ತೂಗುವುದಿಲ್ಲ, ಸೌಟನ್ನು ಎಣಿಸುತ್ತಾನೆ. ಯಾರೋ ಒಂದೂವರೆಯಷ್ಟು ದೊಡ್ಡ ಸೌಟನ್ನು ಕೈಗಿತ್ತರೆ, ಎರಡು ಸೌಟು ಹೋಗಿ ಮೂರಾಗಿ, ಹುಳಿ ಎಲೆ ದಾಟಿ ಹರಿಯುತ್ತದೆ. ಎಂಜಿನ್ನಿನ ಕಂಪ್ಯೂಟರೂ ಹೀಗೆಯೇ. ಒಳಬಂದ ಗಾಳಿಯನ್ನು ಅಳೆದು, ೧೪.೭ ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲಿನ ಲೆಕ್ಕ ಹಾಕಿ, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಹೇಳುತ್ತದೆ. ಬಿದ್ದ ಪೆಟ್ರೋಲನ್ನು ಅದು ಅಳೆಯುವುದಿಲ್ಲ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕವು ಹೆಚ್ಚುಕಡಿಮೆಯನ್ನು ತಿಳಿಸುತ್ತದೆ, ನಿಜ. ಆದರೆ ಆ ತಿದ್ದುಪಡಿಗೆ ಸಾಮಾನ್ಯವಾಗಿ ಶೇಕಡಾ ಇಪ್ಪತ್ತೈದರ ಆಸುಪಾಸಿನ ಗಡಿಯುಂಟು. ಒಂದೂವರೆ ಪಟ್ಟಿನ ತಪ್ಪನ್ನು ಅದು ತಿದ್ದಲಾರದು. ಹೆಚ್ಚಾದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಪ್ಲಗ್ಗುಗಳಿಗೆ ಮಸಿ ಬಳಿಯುತ್ತದೆ, ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಕಾರನ್ನು ನಾಶಿಕಕ್ಕೆ ಎಳೆಸಿ ತಂದೆವು. ಮೊದಲು ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿ ಪರೀಕ್ಷಾ ಮೇಜಿಗೆ ಕಟ್ಟಿ, ಗಾಜಿನ ಅಳತೆ ನಳಿಗೆಗಳಲ್ಲಿ ಹರಿವು ಹಿಡಿದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಬಾರದು. ಒತ್ತಡ ಬೇರೆಯಾದರೆ ಹರಿವೂ ಬೇರೆ. ಹಳೆಯದು ನಿಮಿಷಕ್ಕೆ ೩೦೦ ಮಿಲಿಲೀಟರು, ಹೊಸದು ೪೫೦ ಎಂದಿಟ್ಟುಕೊಂಡರೆ, ಕಂಪ್ಯೂಟರಿನಲ್ಲಿರುವ ಇಂಜೆಕ್ಟರ್ ಗುಣಾಂಕವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ಈ ಕಾಲದ ಬಾಷ್ ಮೊಟ್ರಾನಿಕ್ ಕಂಪ್ಯೂಟರುಗಳಲ್ಲಿ ಅದರ ಹೆಸರು ಕೆ.ಆರ್.ಕೆ.ಟಿ.ಇ. ಇದು ಮೊದಲನೆಯ ಲೆಕ್ಕ.

ಎರಡನೆಯದು ಸೂಕ್ಷ್ಮ. ವಿದ್ಯುತ್ತು ಹರಿದ ಕೂಡಲೆ ಇಂಜೆಕ್ಟರಿನ ಸೂಜಿ ಏಳುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡು ತಡವಾಗುತ್ತದೆ. ಬ್ಯಾಟರಿ ಸೊರಗಿದಷ್ಟೂ ಆ ತಡ ಹೆಚ್ಚು. ಪ್ರತಿಯೊಂದು ವೋಲ್ಟೇಜಿಗೆ ಎಷ್ಟು ತಡವೆಂಬ ಕೋಷ್ಟಕವೂ ಕಂಪ್ಯೂಟರಿನಲ್ಲಿದೆ. ಇಂಜೆಕ್ಟರು ಬದಲಾದರೆ ಅದನ್ನೂ ಬದಲಿಸಬೇಕು. ಗಾಡಿ ನಿಂತಲ್ಲೇ ಗುರುಗುಟ್ಟುವಾಗ ಇಂಜೆಕ್ಟರು ತೆರೆದಿರುವುದೇ ಎರಡು ಮೂರು ಮಿಲಿಸೆಕೆಂಡು. ಅದರಲ್ಲಿ ಅರ್ಧ ತಪ್ಪಿದರೂ ಎಂಜಿನ್ನು ತಡವರಿಸುತ್ತದೆ. ಹುಳಿಯ ಸೌಟಿನಲ್ಲಿ ಮಿಳ್ಳೆಯಷ್ಟು ತುಪ್ಪ ಬಡಿಸಹೋದ ಹಾಗೆ.

ಅಳಿಯ ಕಂಪ್ಯೂಟರಿನ ಮೂಲ ಕಡತವನ್ನು ಓದಿ, ಅದರ ಪ್ರತಿಯನ್ನು ಜೋಪಾನವಾಗಿ ತೆಗೆದಿಟ್ಟ. ಎರಡು ಲೆಕ್ಕ ತಿದ್ದಿ, ಕಡತದ ತಾಳೆಮೊತ್ತವನ್ನು ಸರಿಪಡಿಸಿ, ನಡುವೆ ವೋಲ್ಟೇಜು ಬೀಳದಂತೆ ಬ್ಯಾಟರಿಗೆ ಚಾರ್ಜರು ಕಟ್ಟಿ ಮರಳಿ ಬರೆದ. ಹೊಗೆಕೊಳವೆಗೆ ಅಳತೆಯ ಮೀಟರು ಹಾಕಿ ಮೂರು ಸಂಜೆ ಕುಳಿತೆವು. ಮೊದಲು ನಿಂತಲ್ಲಿ, ಆಮೇಲೆ ಮೆಲ್ಲಗೆ. ಕಂಪ್ಯೂಟರು ತಾನೇ ಮಾಡಿಕೊಳ್ಳುವ ತಿದ್ದುಪಡಿ ಶೇಕಡಾ ಐದರ ಒಳಗೆ ಬಂದ ಮೇಲೆ ಉಸಿರು ಬಿಟ್ಟೆವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತು ಎಥನಾಲ್ ಇರುವುದರಿಂದ, ಅದೇ ಗಾಳಿಗೆ ಅಪ್ಪಟ ಪೆಟ್ರೋಲಿಗಿಂತ ಶೇಕಡಾ ಎಂಟರಷ್ಟು ಹೆಚ್ಚು ಇಂಧನ ಬೇಕು. ತಿದ್ದುಪಡಿಗೆ ಇರುವ ಜಾಗವನ್ನು ತಪ್ಪು ಲೆಕ್ಕವೇ ನುಂಗಿದರೆ, ಎಥನಾಲಿಗೆ ಎಡೆಯೆಲ್ಲಿ?

ಕಾರು ಸರಾಗವಾಗಿ ಓಡಿತು. ಹೊಗೆ ನಿಂತಿತು. ಆದರೆ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಉರುಳೆಯಂತ್ರದ ಮೇಲೆ ಏರಿಸಿದಾಗ, ಶಕ್ತಿ ಮೊದಲಿನಷ್ಟೇ! ಹುಡುಗನ ಮೋರೆ ಬಾಡಿತು.

“ಲೆಕ್ಕ ಮಾಡು,” ಎಂದೆ. ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಒಂದು ಆವರ್ತಕ್ಕೆ, ಅಂದರೆ ಎರಡು ಸುತ್ತಿಗೆ, ಇರುವ ಸಮಯ ಇಪ್ಪತ್ತು ಮಿಲಿಸೆಕೆಂಡು. ಹೊಸ ಇಂಜೆಕ್ಟರು ಅದರಲ್ಲಿ ಹತ್ತು ಮಿಲಿಸೆಕೆಂಡು ತೆರೆದಿತ್ತು. ಹಾಗಾದರೆ ಹಳೆಯದು ಸ್ಥೂಲವಾಗಿ ಹದಿನೈದು ತೆರೆದಿರುತ್ತಿತ್ತು, ನೂರಕ್ಕೆ ಎಪ್ಪತ್ತೈದು. ಎಂಬತ್ತೈದರವರೆಗೆ ಚಿಂತೆಯಿಲ್ಲವೆಂಬುದು ರೂಢಿ. ಶಕ್ತಿ ಕೊಡುವುದು ಗಾಳಿ. ಹಳೆಯ ಟರ್ಬೊ ಹೆಚ್ಚಿನ ಗಾಳಿ ತಳ್ಳದೆ ಹೆಚ್ಚಿನ ಪೆಟ್ರೋಲಿಗೆ ಕೆಲಸವಿಲ್ಲ.

ಕಾಫಿ ತಂದ ಅಕ್ಕ ಇದನ್ನೆಲ್ಲ ಕೇಳಿ, “ದೊಡ್ಡ ಸೌಟು ಹಿಡಿದರೆ ಪಾತ್ರೆಯಲ್ಲಿ ಹುಳಿ ಹೆಚ್ಚಾಗುತ್ತದೇನೋ?” ಎಂದಳು. ನಮ್ಮ ಮೂರು ಸಂಜೆಯ ದುಡಿಮೆ ಅವಳ ಒಂದು ಮಾತಿನಲ್ಲಿ ಮುಗಿಯಿತು.

ಭಾವನವರ ಕಾಲದ ಇಂಜೆಕ್ಟರುಗಳನ್ನು ತೊಳೆದು ಮರಳಿ ಹಾಕಿದೆವು. ಮೂಲ ಕಡತವೂ ಮರಳಿ ಬಂತು. ಸುಟ್ಟ ಕನ್ವರ್ಟರಿಗೆ ಮಾತ್ರ ಹೊಸದನ್ನೇ ತರಬೇಕಾಯಿತು. ಅದರ ಬೆಲೆ ಅಳಿಯನ ಸಂಬಳಕ್ಕೇ ಬಿತ್ತು. ಡಿಸೆಂಬರಿನಲ್ಲಿ ಗಾಡಿಗೆ ಇನ್ನೈದು ವರ್ಷದ ನೋಂದಣಿ ಸಿಕ್ಕಿತು.

ಮನೆಯಲ್ಲಿ ಹಳೆಯ ಕಾರಿರುವ ತರುಣರಿಗೆ ಇಷ್ಟೇ ಕಿವಿಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಕಂಪೆನಿಯ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಯಾವುದಕ್ಕೂ ಕೈಹಾಕುವ ಮೊದಲು ಆರ್.ಟಿ.ಓ.ದಲ್ಲಿ ವಿಚಾರಿಸಿ. ಯಂತ್ರಕ್ಕೆ ಕೈಹಾಕಲು ಅಂಜಬೇಡಿ, ಆದರೆ ಮೊದಲು ಅಳೆಯಿರಿ. ಏನನ್ನಾದರೂ ಬದಲಿಸಿದರೆ ಅದರ ಲೆಕ್ಕವನ್ನೂ ಬದಲಿಸಿ. ಈಗ ಆ ದೊಡ್ಡ ಇಂಜೆಕ್ಟರುಗಳು ಅಕ್ಕನ ಅಟ್ಟದ ಮೇಲೆ ಒಂದು ಡಬ್ಬಿಯಲ್ಲಿವೆ. ಯುಗಾದಿಗೆ ಅವಳು ನಮ್ಮಲ್ಲಿಗೆ ಬಂದದ್ದು ಆ ಕಾರಿನಲ್ಲೇ, ಊಟದ ಹೊತ್ತಿಗೆ ಸರಿಯಾಗಿ.