ದುಡಿಯುವ ಕೈ, ತೆರೆದ ಬಾಗಿಲು

ಕ್ರಿಸ್‌ಮಸ್ ಬಂತೆಂದರೆ ಮಂಗಳೂರು ಕಡೆಯ ನಮ್ಮ ಮನೆಗಳಿಂದ ನೆರೆಹೊರೆಗೆ ಕುಸ್ವಾರಿನ ತಟ್ಟೆ ಹೋಗುತ್ತದೆ. ಅದನ್ನು ಸವಿಯುತ್ತಾ ಇಲ್ಲಿನ ಕನ್ನಡ ಮಿತ್ರರು, "ಭಾನುವಾರದ ಚರ್ಚು, ವರ್ಷಕ್ಕೊಂದು ಹಬ್ಬ ಬಿಟ್ಟರೆ ಉಳಿದ ದಿನ ನಿಮ್ಮ ಧರ್ಮಾಚರಣೆ ಏನು?" ಎಂದು ಕೇಳುವುದುಂಟು. ನಮ್ಮ ಉತ್ತರ ಸರಳ: ಪ್ರಾಮಾಣಿಕ ದುಡಿಮೆ ಮತ್ತು ಅತಿಥಿ ಸತ್ಕಾರ. ಶರಣರ ಕಾಯಕ, ದಾಸೋಹಗಳನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ.

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳು ಬರುತ್ತಾರೆ. ರೋಮ್ ಚಕ್ರವರ್ತಿ ಕ್ಲೌದಿಯನ ಆಜ್ಞೆಯಿಂದಾಗಿ ಊರು ಬಿಟ್ಟು ಕೊರಿಂಥಕ್ಕೆ ಬಂದವರು ಅವರು. ಗುಡಾರ ಮಾಡುವುದು ಅವರ ಕಸುಬು. ಪೌಲನು ಆ ಊರಿಗೆ ಬಂದಾಗ ಅವನದೂ ಅದೇ ಕಸುಬಾಗಿತ್ತು. ದಂಪತಿಗಳು ಅವನನ್ನು ಮನೆಯಲ್ಲಿ ಇರಿಸಿಕೊಂಡರು, ಮೂವರೂ ಜೊತೆಗೂಡಿ ದುಡಿದರು. ಮುಂದೆ ಅವರ ಮನೆಯಲ್ಲೇ ಸಭೆ ಸೇರುವಂತಾಯಿತು. ತಾವೇ ವಲಸೆ ಬಂದವರು ಇನ್ನೊಬ್ಬ ಪರಸ್ಥಳದವನಿಗೆ ಸೂರು ಕೊಟ್ಟರು, ಕೆಲಸದಲ್ಲಿ ಪಾಲನ್ನೂ ಕೊಟ್ಟರು ಎಂಬುದನ್ನು ಗಮನಿಸಬೇಕು.

ಇದೇ ಪಾಠವನ್ನು ನಮ್ಮ ಕರಾವಳಿಯೂ ಕಂಡಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಕ್ರೈಸ್ತರಾದ ಹಲವರು ಮನೆ, ಕುಲಕಸುಬು, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡರು. ಅಂಥವರಿಗೆ ನಾಲ್ಕು ದಿನ ಅನ್ನ ಹಾಕಬಹುದು, ಐದನೆಯ ದಿನ ಅವರು ತಲೆಯೆತ್ತಿ ಬದುಕುವುದು ಹೇಗೆ? ಹಾಗಾಗಿ ಬೋಧಕರ ಜೊತೆಗೆ ಕುಶಲಕರ್ಮಿಗಳೂ ಬೇಕಾದರು. 1841ರಲ್ಲಿ ಮುದ್ರಣಾಲಯ ಆರಂಭವಾಯಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ನೇಯ್ಗೆ ಮತ್ತು ಬಣ್ಣದ ಕೆಲಸವನ್ನು ಬೆಳೆಸಿದ. 1865ರಲ್ಲಿ ಪ್ಲೆಬ್ಸ್ಟ್ ಎಂಬ ತಂತ್ರಜ್ಞ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಡದ ಜೇಡಿಮಣ್ಣು ಮಂಗಳೂರು ಹೆಂಚಾಯಿತು.

1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಮೋಗ್ಲಿಂಗ್, 1894ರಲ್ಲಿ ಬೃಹತ್ ನಿಘಂಟನ್ನು ಕೊಟ್ಟ ಕಿಟ್ಟೆಲ್ ನಮಗೆ ಗೊತ್ತು. ಆದರೆ ನಿಘಂಟಿಗೆ ಅಚ್ಚುಮೊಳೆ ಜೋಡಿಸಿದವರ, ಹೆಂಚು ಸುಟ್ಟವರ ಹೆಸರನ್ನು ನಾವು ಕೇಳಿಲ್ಲ. ಅವರ ಭಕ್ತಿಯೂ ಕೆಲಸದಲ್ಲೇ ಇತ್ತು. ಊರಿನ ಹೆಂಚಿನ ಮನೆಗಳಲ್ಲಿ ಮಳೆ ನೀರು ಒಳಗೆ ಬೀಳದಂತೆ ಕಾದದ್ದು ಅದೇ ಶ್ರದ್ಧೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸಂಬಂಧದ ಕಾರಣ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಕಲಿತ ಕಸುಬನ್ನು ಮಾತ್ರ ಯಾರೂ ಕಸಿದುಕೊಳ್ಳಲಾಗಲಿಲ್ಲ.

ಈ ಸಂಚಿಕೆಯ ಮೂಲಕ ನೀವು ಕೊಡುವ ದೇಣಿಗೆ ದೊಡ್ಡದು. ಅದರ ಜೊತೆಗೆ ಇನ್ನೊಂದು ಮಾತು. ಈ ದೇಶಕ್ಕೆ ಬಂದ ಹೊಸತರಲ್ಲಿ ನಾವೂ ಯಾರದೋ ಮನೆಯ ಸೋಫಾದ ಮೇಲೆ ಮಲಗಿದವರೇ, ಯಾರೋ ಬಡಿಸಿದ ಅನ್ನ ಸಾರು ಉಂಡವರೇ. ಈಗ ಬರುವವರಲ್ಲೂ ಕೆಲಸ ಕಳೆದುಕೊಂಡವರಿದ್ದಾರೆ, ಒಂಟಿಯಾಗಿರುವ ವಿದ್ಯಾರ್ಥಿಗಳಿದ್ದಾರೆ. ಅವರನ್ನೊಮ್ಮೆ ಊಟಕ್ಕೆ ಕರೆಯೋಣ, ನಮಗೆ ತಿಳಿದ ಕೆಲಸವನ್ನು ಹೇಳಿಕೊಡೋಣ, ಅರ್ಜಿ ಬರೆಯಲು ಪಕ್ಕದಲ್ಲಿ ಕೂರೋಣ. ಊಟವಾದ ಮೇಲೆ ಅವರು ತಟ್ಟೆ ತೊಳೆಯಲು ಎದ್ದರೆ ಬೇಡವೆನ್ನದಿರೋಣ. ತಾನೂ ಈ ಮನೆಗೆ ಉಪಯೋಗಕ್ಕೆ ಬಂದೆ ಎನ್ನುವ ನೆಮ್ಮದಿಯೂ ಅತಿಥಿಗೆ ಸಲ್ಲಬೇಕಾದದ್ದೇ.