ಚಂದ್ರಹಾಸ (ಜೈಮಿನಿ ಭಾರತ)

ಚಂದ್ರಹಾಸನು ಲಕ್ಷ್ಮೀಶ ಕವಿಯ ಜೈಮಿನಿ ಭಾರತದ ಒಂದು ಉಪಾಖ್ಯಾನದ ನಾಯಕ. ವಾರ್ಧಕ ಷಟ್ಪದಿಯ ಈ ಕಾವ್ಯದಲ್ಲಿ, ಅಶ್ವಮೇಧದ ಕುದುರೆಯೊಡನೆ ಬಂದ ಅರ್ಜುನನಿಗೆ ನಾರದನು ಈ ಕಥೆಯನ್ನು ಹೇಳುತ್ತಾನೆ. ಅನಾಥ ಬಾಲಕನು ರಾಜನಾಗುವ ಈ ವೃತ್ತಾಂತವು ಯಕ್ಷಗಾನ ಮತ್ತು ನಾಟಕಗಳ ಮೂಲಕ ಮಕ್ಕಳಿಗೂ ಪರಿಚಿತವಾಗಿದೆ.

ಕಥಾಸಾರ

ಕೇರಳದ ರಾಜಪುತ್ರನಾದ ಚಂದ್ರಹಾಸನ ಎಡಗಾಲಿನಲ್ಲಿ ಆರು ಬೆರಳುಗಳಿದ್ದವು. ತಂದೆತಾಯಿಗಳು ಗತಿಸಿದಾಗ ದಾದಿಯು ಶಿಶುವನ್ನು ಕುಂತಳ ನಗರಕ್ಕೆ ತಂದಳು. ಅವಳೂ ತೀರಿಕೊಂಡ ಬಳಿಕ ಊರಿನ ಹೆಂಗಸರು ಅವನಿಗೆ ಉಣಿಸಿ ಸಲಹಿದರು. ಈ ಬಾಲಕನು ಮುಂದೆ ಅರಸನಾಗುವನೆಂದು ಬ್ರಾಹ್ಮಣರು ನುಡಿದುದನ್ನು ಕೇಳಿದ ಮಂತ್ರಿ ದುಷ್ಟಬುದ್ಧಿಯು ಕೊಲೆಗಾರರನ್ನು ನೇಮಿಸಿದನು. ಅವರು ಕನಿಕರಗೊಂಡು ಆರನೆಯ ಬೆರಳನ್ನಷ್ಟೇ ಕತ್ತರಿಸಿ ಗುರುತಾಗಿ ಒಯ್ದರು. ಕಾಡಿನಲ್ಲಿ ದೊರೆತ ಅವನನ್ನು ಕುಳಿಂದನು ಮಗನಂತೆ ಬೆಳೆಸಿದನು. ಮುಂದೆ ಅವನಿಗೆ ‘ವಿಷ’ ಕೊಡುವಂತೆ ಮಂತ್ರಿಯು ತನ್ನ ಮಗ ಮದನನಿಗೆ ಪತ್ರ ಬರೆದನು. ಮಂತ್ರಿಯ ಮಗಳು ವಿಷಯೆಯು ಆ ಪದವನ್ನು ತನ್ನ ಹೆಸರಾಗುವಂತೆ ತಿದ್ದಿದ್ದರಿಂದ ಅವರಿಬ್ಬರ ವಿವಾಹ ನಡೆಯಿತು. ದುಷ್ಟಬುದ್ಧಿಯ ಮತ್ತೊಂದು ಸಂಚಿಗೆ ಮದನನೇ ಬಲಿಯಾದನು. ಮಂತ್ರಿಯೂ ಪ್ರಾಣ ನೀಗಿದನು. ಚಂದ್ರಹಾಸನು ದೇವಿಗೆ ತನ್ನನ್ನೇ ಅರ್ಪಿಸಿಕೊಳ್ಳಲು ಮುಂದಾಗಿ ಇಬ್ಬರನ್ನೂ ಬದುಕಿಸಿದನು.

ವೈಶಿಷ್ಟ್ಯ

ಇಂಗ್ಲಿಷಿನ ‘ದ ಸೀಕ್ರೆಟ್ ಗಾರ್ಡನ್’ (1911) ಕಾದಂಬರಿಯಲ್ಲಿ ಅನಾಥೆ ಮೇರಿಯ ಸಿಡುಕು ಸ್ವಭಾವವೇ ಕ್ರಮೇಣ ಬದಲಾಗುತ್ತದೆ. ಚಂದ್ರಹಾಸನ ಸದ್ಗುಣ ಮೊದಲಿನಿಂದ ಕೊನೆಯವರೆಗೂ ಸ್ಥಿರವಾದುದು. ಅವನೆದುರು ಕೊಲೆಗಾರರ ಮನಸ್ಸು ಕರಗುತ್ತದೆ. ಆದರೂ ಅವನು ಬೆಳೆದು ದೊಡ್ಡವನಾಗುವುದು ದಾದಿ, ಊರ ಹೆಂಗಸರು ಮತ್ತು ಕುಳಿಂದನಂತಹ ಪರರ ಆರೈಕೆಯಿಂದ. ತನ್ನನ್ನು ಕೊಲ್ಲಹೊರಟವನಿಗೂ ಜೀವ ಬೇಡುವಲ್ಲಿ, ಪಡೆದ ಕರುಣೆಯನ್ನು ಹಿಂದಿರುಗಿಸುವಷ್ಟು ಅವನು ಬೆಳೆದಿರುವುದು ಕಾಣುತ್ತದೆ.

ರೂಪಾಂತರಗಳು

ಕುವೆಂಪು ಅವರು ‘ಚಂದ್ರಹಾಸ’ ಎಂಬ ನಾಟಕವನ್ನು ರಚಿಸಿದ್ದಾರೆ. 1965ರಲ್ಲಿ ಬಿ. ಎಸ್. ರಂಗಾ ನಿರ್ದೇಶನದಲ್ಲಿ ಇದೇ ಹೆಸರಿನ ಕನ್ನಡ ಚಲನಚಿತ್ರ ತೆರೆಕಂಡಿತು.