ಬಾಣಂತಿಗೆ ಎಣ್ಣೆ ನೀವುವ ಮುನ್ನ ಮತ್ತು ನೀವಿದ ಬಳಿಕ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನೀರಾವರಿ ಬಯಲಿನಲ್ಲಿ ಮೈಕೈ ನೋವಿಗೆ ಮೊದಲ ಮದ್ದೆಂದರೆ ಎಣ್ಣೆ ಮತ್ತು ಬಿಸಿನೀರು. ದಿನವಿಡೀ ಕೆಸರಿನಲ್ಲಿ ಬಗ್ಗಿ ಪೈರು ನೆಟ್ಟವರ ಸೊಂಟಕ್ಕೂ ಕಬ್ಬಿನ ಹೊರೆ ಹೊತ್ತವರ ಹೆಗಲಿಗೂ ಹರಳೆಣ್ಣೆ ಅಥವಾ ಎಳ್ಳೆಣ್ಣೆ ಹಚ್ಚಿ, ಬಲವಾಗಿ ನೀವಿ, ಹಂಡೆಯ ನೀರು ಹುಯ್ಯುವುದು ರೂಢಿ. ವೈದ್ಯಪರಂಪರೆಯೂ ಈ ಸೀಮೆಗೆ ಹೊಸದಲ್ಲ, ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ನಂಜನಗೂಡಿನ ಹೆಸರು ನಾಡಿನ ಮನೆಮನೆಗೂ ತಲುಪಿದೆ. ಆದರೆ ದುಡಿದು ದಣಿದವರ ಮೈಗೆ ಒಪ್ಪುವ ಒತ್ತಡವೆಲ್ಲವೂ ಬಾಣಂತಿಯ ಮೈಗೆ ಒಪ್ಪುವುದಿಲ್ಲ. ಇದನ್ನು ಮನೆಯ ಹಿರಿಯ ಹೆಂಗಸರು ಚೆನ್ನಾಗಿ ಅರಿತಿರಬೇಕು.

ಹದವಾಗಿ ನೀವುವುದರಿಂದ ಬಿಗಿದ ಮಾಂಸಖಂಡಗಳು ಸಡಿಲಗೊಳ್ಳುತ್ತವೆ, ನೋವು ತಗ್ಗುತ್ತದೆ, ಒಳ್ಳೆಯ ನಿದ್ರೆ ಬರುತ್ತದೆ. ಇಷ್ಟು ಲಾಭವೇ ಸಣ್ಣದಲ್ಲ. ಆದರೆ ಹೊಟ್ಟೆಯನ್ನು ಒತ್ತಿ ತಿಕ್ಕದಿದ್ದರೆ ಗರ್ಭಕೋಶ ಸ್ವಸ್ಥಾನಕ್ಕೆ ಮರಳದೆಂಬ ನಂಬಿಕೆ ಸರಿಯಲ್ಲ. ಹೆರಿಗೆಯಾದ ಸುಮಾರು 6 ವಾರಗಳಲ್ಲಿ ಅದು ತಾನಾಗಿಯೇ ಕುಗ್ಗಿ ಮೊದಲಿನ ಗಾತ್ರಕ್ಕೆ ಬರುತ್ತದೆ; ಮಗುವಿಗೆ ಹಾಲೂಡಿಸುವುದರಿಂದ ಈ ಕೆಲಸಕ್ಕೆ ನೆರವಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರ ಹೊಟ್ಟೆಯನ್ನಂತೂ ಗಾಯ ಪೂರ್ಣವಾಗಿ ಮಾಯ್ದು ವೈದ್ಯರು ಒಪ್ಪುವವರೆಗೆ ಮುಟ್ಟಕೂಡದು.

ಊಟವಾದೊಡನೆ ಎಣ್ಣೆಗೆ ಕೂರಿಸಬಾರದು. ಒಂದೆರಡು ಗಂಟೆ ಕಳೆಯಲಿ. ಅಜೀರ್ಣವಿದ್ದಾಗ ಅಭ್ಯಂಗ ಸಲ್ಲದೆಂದು ವಾಗ್ಭಟನ ಅಷ್ಟಾಂಗಹೃದಯವೂ ಹೇಳುತ್ತದೆ. ಜ್ವರವಿದ್ದರೆ ಆ ದಿನ ನೀವುವುದೇ ಬೇಡ. ಬಾಣಂತಿಯ ಜ್ವರ ಆಸ್ಪತ್ರೆಗೆ ತೋರಿಸಬೇಕಾದದ್ದು. ನೀವುವಾಕೆ ಉಗುರು ಕತ್ತರಿಸಿ, ಬಳೆ ಉಂಗುರಗಳನ್ನು ತೆಗೆದಿಟ್ಟು, ಸೋಪಿನಿಂದ ಕೈ ತೊಳೆಯಬೇಕು. ಕಾಯಿಸಿದ ಎಣ್ಣೆಯ ಬಿಸಿಯನ್ನು ಮೊದಲು ತನ್ನ ಮಣಿಕಟ್ಟಿನ ಒಳಭಾಗದಲ್ಲಿ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಬೇರೊಂದಿದೆ. ಎಣ್ಣೆಗೆ ಕೈಯದ್ದುವ ಮೊದಲು ಬಾಣಂತಿಯ ಎರಡೂ ಕಾಲುಗಳನ್ನು ಬೆಳಕಿನಲ್ಲಿ ಜೊತೆಜೊತೆಯಾಗಿ ಇಟ್ಟು ನೋಡಬೇಕು. ಒಂದು ಕಾಲು ಇನ್ನೊಂದಕ್ಕಿಂತ ದಪ್ಪಗಾಗಿದೆಯೆ? ಮೀನಖಂಡದಲ್ಲಿ ಅಥವಾ ತೊಡೆಯಲ್ಲಿ ನೋವಿದೆಯೆ? ಆ ಭಾಗ ಬೆಚ್ಚಗಿದೆಯೆ, ಕೆಂಪಾಗಿದೆಯೆ? ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಕಾಲನ್ನು ನೀವಕೂಡದು.

ಕಾರಣ ಹೀಗಿದೆ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಪ್ರಕೃತಿಯೇ ಕೊಟ್ಟಿದೆ. ಹೆರಿಗೆಯ ನಂತರವೂ ಈ ಗುಣ ಕೆಲವು ವಾರ ಉಳಿಯುತ್ತದೆ. ಬಾಣಂತಿ ಏಳದೆ ಮಲಗಿಯೇ ಇದ್ದರೆ, ಶಸ್ತ್ರಚಿಕಿತ್ಸೆಯಾಗಿದ್ದರೆ, ಶೀತವಾದೀತೆಂದು ಕುಡಿಯುವ ನೀರನ್ನು ತಡೆದರೆ, ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇನ್ನೂ ಹೆಚ್ಚುತ್ತದೆ. ಇದನ್ನು ಬರಿಯ ಉಳುಕೆಂದು ತಿಳಿದು ಬಲವಾಗಿ ಒತ್ತಿದರೆ ಹೆಪ್ಪಿನ ತುಣುಕು ಕಳಚಿ, ರಕ್ತದೊಡನೆ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚಬಹುದು. ಆಗ ಹಠಾತ್ತನೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ, ಪ್ರಾಣವೇ ಹೋಗಬಹುದು. ನೀವಿದ್ದು ಪ್ರೀತಿಯಿಂದಲೇ ಆದರೂ ಫಲ ಇದೇ.

ಕಾಲು ಹೀಗೆ ಕಂಡರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರಾಟದ ತೊಂದರೆಯಿದ್ದರಂತೂ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆಮಾಡಬೇಕು. ಸ್ಕ್ಯಾನಿಂಗ್‌ನಿಂದ ಈ ತೊಂದರೆಯನ್ನು ಗುರುತಿಸಬಹುದು. ಹೆಪ್ಪು ಬೆಳೆಯದಂತೆ ತಡೆಯುವ ಚುಚ್ಚುಮದ್ದಿದೆ. ಮದ್ದು ತೆಗೆದುಕೊಂಡರೆ ಹಾಲು ಬಿಡಿಸಬೇಕಾದೀತೆಂದು ಹೆದರಿ ಹಿಂಜರಿಯುವವರುಂಟು. ಸಾಮಾನ್ಯವಾಗಿ ಕೊಡುವ ಈ ಚುಚ್ಚುಮದ್ದಿನಿಂದ ಹಾಲೂಡಿಸುವುದಕ್ಕೆ ಅಡ್ಡಿಯಿಲ್ಲ.

ಕಾಲುಗಳು ಸರಿಯಾಗಿದ್ದರೆ ಹದವಾಗಿ ನೀವಬಹುದು. ಬೆನ್ನಿನ ಇಕ್ಕೆಲಗಳಲ್ಲಿ ಅಂಗೈಯಿಂದ ಒತ್ತಬೇಕೇ ಹೊರತು ಬೆನ್ನುಮೂಳೆಯ ಮೇಲೆ ಅಲ್ಲ. ಕತ್ತಿನ ಮುಂಭಾಗ, ಮಂಡಿಯ ಹಿಂಭಾಗ, ಕಾಲಿನಲ್ಲಿ ಉಬ್ಬಿದ ರಕ್ತನಾಳಗಳು, ಇವುಗಳ ಮೇಲೆ ಒತ್ತಡ ಬೀಳಬಾರದು. ನೋವಾದಷ್ಟೂ ಗುಣವೆಂಬ ಮಾತನ್ನು ನಂಬಬೇಡಿ. ಬಾಣಂತಿ ಸಾಕೆಂದರೆ ಅಲ್ಲಿಗೆ ನಿಲ್ಲಿಸಬೇಕು. ಅತ್ತೆಯ ಅಥವಾ ನೀವುವಾಕೆಯ ಮಾತಿಗೆ ಸಂಕೋಚಪಟ್ಟು ಆಕೆ ಹಲ್ಲುಕಚ್ಚಿ ಕೂರುವ ಪ್ರಸಂಗ ಬರಬಾರದು.

ಸ್ನಾನದ ನೀರು ಬೆಚ್ಚಗಿದ್ದರೆ ಸಾಕು. ಸುಡುನೀರಿನ ಸ್ನಾನದಿಂದ ರಕ್ತದೊತ್ತಡ ಇಳಿದು ತಲೆಸುತ್ತು ಬರುವುದುಂಟು, ಜೊತೆಗೆ ಬಚ್ಚಲಿನ ಕಲ್ಲಿನ ಮೇಲೆ ಎಣ್ಣೆಯ ಜಾರಿಕೆ! ಆದ್ದರಿಂದ ಏಳುವಾಗ ಒಬ್ಬರು ಕೈಹಿಡಿದಿರಬೇಕು. ಮೈ ಒರೆಸಿದ ಮೇಲೆ ಕುಡಿಯಲು ನೀರು ಕೊಟ್ಟು, ಸ್ವಲ್ಪ ಹೊತ್ತು ಮಲಗಿಸಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಕಾಯಿಸುವುದು ತಾಯಿಗೂ ಮಗುವಿಗೂ ಅಪಾಯ. ಅದರಿಂದೇಳುವ ವಿಷಾನಿಲಕ್ಕೆ ವಾಸನೆಯಿಲ್ಲ.

ಮರುದಿನ ಮಾಂಸಖಂಡಗಳಲ್ಲಿ ಲಘುವಾದ ನೋವು ಕಾಣಬಹುದು. ಒಂದೆರಡು ದಿನಗಳಲ್ಲಿ ಅದು ತಾನೇ ಹೋಗುತ್ತದೆ. ಅಲ್ಲಿಯವರೆಗೆ ಆ ಜಾಗವನ್ನು ಮತ್ತೆ ಒತ್ತದೆ ಬಿಡಬೇಕು. ನೋವು ಹೆಚ್ಚುತ್ತ ಹೋದರೆ, ಮೈಮೇಲೆ ನೀಲಿಗಟ್ಟಿದರೆ ಅಥವಾ ರಕ್ತಸ್ರಾವ ಹೆಚ್ಚಾದರೆ ವೈದ್ಯರಿಗೆ ತೋರಿಸಬೇಕು. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಗೊತ್ತಾದ ದಿನಗಳಲ್ಲಿ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾರೆ. ಅವರು ಮಗುವನ್ನು ತೂಗಿ ನೋಡುವ ದಿನ ತಾಯಿಯ ಕಾಲುಗಳನ್ನೂ ತೋರಿಸಿರಿ.